ಕ್ಯಾಸನೂರಿನ ವೈರಸ್ ಚೆಲ್ಲಿದರೆ...

ನಮ್ಮ ಕಡೆಯ ಒಂದು ಪುಟ್ಟ ಊರಿನ ಹೆಸರು ಪ್ರಪಂಚದ ವೈರಸ್ ಲ್ಯಾಬುಗಳಲ್ಲೆಲ್ಲ ಪ್ರಸಿದ್ಧ. ಹೆಮ್ಮೆಪಡುವಂಥದ್ದೇನಲ್ಲ ಬಿಡಿ! ಸೊರಬ ತಾಲೂಕಿನ ಕ್ಯಾಸನೂರು ಅದು. 1957ರಲ್ಲಿ ಅಲ್ಲಿನ ಕಾಡಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮುಂತಾದವರು ಹುಡುಕಾಟಕ್ಕಿಳಿದರು. ಮೊದಲ ಅನುಮಾನ ಹಳದಿ ಜ್ವರದ ಮೇಲೆ. ಸಿಕ್ಕಿದ್ದು ಮಾತ್ರ ಉಣುಗಿನಿಂದ ಹರಡುವ ಹೊಸ ವೈರಸ್. ಮೊದಲ ವರ್ಷಗಳಲ್ಲಿ ಈ ಮಂಗನ ಕಾಯಿಲೆ ಸೊರಬ, ಸಾಗರ, ಶಿಕಾರಿಪುರದಲ್ಲೇ ಇತ್ತು.

ಶಿಕಾರಿಪುರದವನಾದ ನನಗೆ ಕಾಡಿನ ಕಥೆ ಗೊತ್ತಿತ್ತು, ಲ್ಯಾಬಿನದ್ದು ಗೊತ್ತಿರಲಿಲ್ಲ. ಪುಣೆಯಲ್ಲಿ ಈ ವೈರಸ್ ಮೇಲೆ ಕೆಲಸ ಮಾಡುತ್ತಿದ್ದವರಿಗೂ ಕಾಯಿಲೆ ತಗುಲಿತ್ತು. ಅಲ್ಲಿ ಉಣುಗು ಕಚ್ಚಲೇಬೇಕೆಂದಿಲ್ಲ. ಟ್ಯೂಬ್ ಒಡೆದು ದ್ರವ ಚೆಲ್ಲಿದರೆ ಕಣ್ಣಿಗೆ ಕಾಣದ ಹನಿಗಳು ಗಾಳಿಗೇಳುತ್ತವೆ, ಉಸಿರಾಡಿದರೆ ಸಾಕು.

ಹಾಗಾಗಿ ಚೆಲ್ಲಿದ ಕೂಡಲೇ ಒರೆಸಲು ಹೋಗಬಾರದು. ಮೊದಲು ಎಲ್ಲರೂ ಹೊರಗೆ, ಗಾಳಿಯಲ್ಲಿನ ಹನಿ ಇಳಿಯುವ ತನಕ. ಆಮೇಲೆ ಗ್ಲೌಸು, ಗೌನು, ಮಾಸ್ಕು ಹಾಕಿಕೊಂಡು ಬಂದು, ದ್ರವ ಹೀರುವ ಬಟ್ಟೆ ಹೊದಿಸಿ, ಸೋಡಿಯಂ ಹೈಪೋಕ್ಲೋರೈಟ್ ಸುರಿಯಬೇಕು. ಅಂಚಿನಿಂದ ನಡುವಿಗೆ! ನಡುವಿಗೆ ಸುರಿದರೆ ವೈರಸ್ಸು ಅಂಚಿಗೆ ಹರಡುತ್ತದಲ್ಲ. ಅರ್ಧ ಗಂಟೆ ಕಾದು, ಗಾಜಿನ ಚೂರನ್ನು ಇಕ್ಕಳದಲ್ಲೇ ಎತ್ತಬೇಕು. (ಈ ಹೈಪೋಕ್ಲೋರೈಟ್ ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ನೆಂಟ.) ರಕ್ತದ ಮಾದರಿ ಕಳಿಸುವಾಗಲೂ ಮೂರು ಪದರದ ಪ್ಯಾಕಿಂಗು. ಟ್ಯೂಬ್ ಒಡೆದರೆ ಅಷ್ಟೂ ದ್ರವ ಹೀರುವಷ್ಟು ಹತ್ತಿ ಒಳಗಿರಬೇಕು. 2012ರ ಡಿಸೆಂಬರಿನಲ್ಲಿ ಪುಣೆಯಲ್ಲೇ ನಾಲ್ಕನೇ ಹಂತದ ಸುರಕ್ಷತಾ ಲ್ಯಾಬ್ ಉದ್ಘಾಟನೆಯಾಯಿತು. ಅಲ್ಲಿನ ಗಾಳಿಯೂ ಫಿಲ್ಟರ್ ಆಗದೆ ಹೊರಗೆ ಬರುವಂತಿಲ್ಲ.

ಇನ್ನು ನಮ್ಮ ಕಾಡಿಗೆ ಬನ್ನಿ. ಇಲ್ಲಿ ಚೆಲ್ಲುವುದು ದ್ರವವಲ್ಲ, ಉಣುಗು. ಸತ್ತ ಮಂಗನ ಮೈ ತಣ್ಣಗಾದಂತೆ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಅದಕ್ಕೇ ಹೆಣದ ಸುತ್ತ 50 ಮೀಟರ್ ಮ್ಯಾಲಥಿಯಾನ್ ಪುಡಿ ಉದುರಿಸುವುದು. ಲೆಕ್ಕ ಲ್ಯಾಬಿನದ್ದೇ, ಹರಡುವ ಮೊದಲು ಸುತ್ತುಗಟ್ಟುವುದು. ಆದರೆ ಕಾಡಿಗೆ ಹೋಗುವವರ ಕೈಗೆ ಸಿಕ್ಕಿದ್ದು? ಮೈಗೆ ಹಚ್ಚಿಕೊಳ್ಳಲು ಒಂದು ಬಾಟಲಿ ಎಣ್ಣೆ. ಮೊದಲು ಡಿಎಂಪಿ, ಆಮೇಲೆ ಡೀಪಾ. ಇದ್ದ ಲಸಿಕೆಯೂ ಸಾಲದೆಂದು 2022ರಲ್ಲಿ ನಿಂತುಹೋಯಿತು.

ಪುಡಿ ಹಾಕಬೇಕಾದರೂ ಮಂಗ ಸತ್ತದ್ದು ಯಾರಾದರೂ ನೋಡಿ ಹೇಳಬೇಕಲ್ಲ... ಎಷ್ಟೋ ಸಲ ಮೊದಲು ನೋಡುವವರು ದರಗು ಗುಡಿಸಲು ಹೋದವರೇ. ನೋಡುವಷ್ಟರಲ್ಲಿ ಅವರು ಆ 50 ಮೀಟರಿನ ಒಳಗೆ ನಿಂತಿರುತ್ತಾರೆ.