ಹೊರೆ ಹೊತ್ತವರ ದಾರಿ

ಒಂದು ರಾತ್ರಿಯ ಸೈಕಲ್ ತಿರುಗಾಟಕ್ಕೆ ಈಗ ಬೈಕ್‌ಪ್ಯಾಕಿಂಗ್ ಅಂತ ಹೆಸರು. ಹ್ಯಾಂಡಲ್ಲಿಗೆ ಹಾಸಿಗೆ ಸುರುಳಿ, ಫ್ರೇಮಿನ ನಡುವೆ ನೀರು, ಸೀಟಿನ ಹಿಂದೆ ಬಟ್ಟೆ ಮತ್ತು ಪಂಕ್ಚರ್ ಕಿಟ್. ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿಯುವುದು, ಎಲ್ಲೋ ಮಲಗುವುದು, ಬೆಳಿಗ್ಗೆ ವಾಪಸ್. ನಾನು ಹೆಚ್ಚಾಗಿ ಹೋಗುವುದು ಕಾಪುವಿನಿಂದ ಶಿರ್ವ, ಬೆಳ್ಮಣ್ ಕಡೆಯ ಒಳದಾರಿಗಳಲ್ಲಿ ಕಾರ್ಕಳಕ್ಕೆ, ಅಲ್ಲಿಂದ ಬಜಗೋಳಿ ದಾಟಿ ಘಟ್ಟದ ಬುಡದ ಮಾಳಕ್ಕೆ. ಮಣಿಪಾಲದ ಗೆಳೆಯರು ಆಗಾಗ ಮ್ಯಾಪಿನಲ್ಲಿ ಗೆರೆ ಎಳೆದು ಕಳಿಸುತ್ತಾರೆ, 'ಹೊಸ ದಾರಿ ಸಿಕ್ತು ಮಾರಾಯ' ಅಂತ. ನನ್ನ ತಕರಾರು ಇರುವುದು ಆ 'ಹೊಸ' ಎಂಬ ಮಾತಿನ ಮೇಲೆ. ಕಡಲಿನಿಂದ ಘಟ್ಟಕ್ಕೆ ಹೋಗುವ ದಾರಿಗಳನ್ನು ನಮಗಿಂತ ಮೊದಲು ಯಾರೋ ಹೊರೆ ಹೊತ್ತು ಸವೆಸಿದ್ದಾರೆ.

ಚಕ್ರದಡಿಯ ಕೆಂಪು ಜಲ್ಲಿಯಿಂದಲೇ ಶುರು ಮಾಡೋಣ. ನಮಗೆ ಅದು ಮುರಕಲ್ಲು, ಭೂವಿಜ್ಞಾನಕ್ಕೆ ಲ್ಯಾಟರೈಟ್. ಆ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಗೆದ್ದ ನೆಲದಲ್ಲಿ ಏನು ಬೆಳೆಯುತ್ತದೆ, ಏನು ಗಿಟ್ಟುತ್ತದೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ. ಬುಕನನ್ 1800ರಲ್ಲಿ ಮದರಾಸಿನಿಂದ ಹೊರಟ. ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲು ನೆಲದೊಳಗೆ ಮೆದುವಾಗಿದ್ದು, ಕಡಿದು ಗಾಳಿಗಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಕಂಡ. ಇಟ್ಟಿಗೆಯ ಲ್ಯಾಟಿನ್ ಪದದಿಂದಲೇ ಹೆಸರು ಹೊಸೆದ. 1801ರ ಆರಂಭದಲ್ಲಿ ಮೂಡುಬಿದಿರೆ, ಕಾರ್ಕಳ, ಉಡುಪಿ ಹಾದು ಬಡಗಕ್ಕೆ ಹೋದ.

1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕ ಇರುವುದು ದಿನಚರಿಯ ರೂಪದಲ್ಲೇ: ತಾರೀಕು, ನಡೆದ ದೂರ, ರಾತ್ರಿ ತಂಗಿದ ಊರು, ಅಲ್ಲಿನ ಬೆಳೆ. ಇವತ್ತಿನ ಸೈಕಲ್ ಸವಾರರು ಹಾಕುವ ರೈಡ್ ರಿಪೋರ್ಟಿನ ಹಾಗೇ ಇದೆ ಅಲ್ವಾ? ವ್ಯತ್ಯಾಸ ಒಂದೇ. ಅವನ ಡೇರೆ, ಸಾಮಾನು ಹೊರಲು ಬೇರೆಯವರಿದ್ದರು. ಹೊತ್ತವರು ದಿನಚರಿ ಬರೆಯಲಿಲ್ಲ.

ಹಾಗಂತ ಅವರು ಗುರುತೇ ಬಿಟ್ಟಿಲ್ಲ ಎಂದಲ್ಲ. ಗಾಡಿರಸ್ತೆ ಬರುವ ಮೊದಲು ಘಟ್ಟಕ್ಕೆ ಉಪ್ಪು, ಒಣಮೀನು ಹತ್ತಿದ್ದು, ಅಡಿಕೆ, ಕಾಳುಮೆಣಸು ಇಳಿದದ್ದು ಎತ್ತಿನ ಬೆನ್ನ ಮೇಲೆ, ಇಲ್ಲವೇ ಮನುಷ್ಯನ ತಲೆಯ ಮೇಲೆ. ದೂರದ ಸರಕಿಗೆ ಸಮುದ್ರವೇ ಹೆದ್ದಾರಿ. 1901ರ ಕಾಪು ದೀಪಸ್ತಂಭ ಆ ಹೆದ್ದಾರಿಯ ದೀಪ. ನೆಲದ ದಾರಿಗೆ ಬೇಕಾದದ್ದು ಬೇರೆ: ಅರಳಿಮರದ ಕಟ್ಟೆ, ಅರವಟ್ಟಿಗೆಯ ನೀರು, ಹೊರೆ ಇಳಿಸಲು ಎದೆಮಟ್ಟದ ಕಲ್ಲು. ಎದೆಮಟ್ಟ ಯಾಕೆ? ನೆಲಕ್ಕೆ ಇಳಿಸಿದ ಮೂಟೆಯನ್ನು ಒಬ್ಬನೇ ಮತ್ತೆ ತಲೆಗೇರಿಸಲು ಆಗುವುದಿಲ್ಲ. ನಿಂತಲ್ಲೇ ಜಾರಿಸಿ, ಉಸಿರು ಬಿಟ್ಟು, ಬಗ್ಗಿ ಮತ್ತೆ ತಲೆ ಕೊಡಬೇಕು. ಆ ಕಲ್ಲು ನೆಟ್ಟವರಿಗೆ ಒಂಟಿಯಾಗಿ ನಡೆಯುವವನ ಕಷ್ಟ ಗೊತ್ತಿತ್ತು.

ಈ ಸೀಮೆಯ ಅತಿ ದೊಡ್ಡ ಹೊರೆ ಕಾರ್ಕಳದಲ್ಲಿ ನಿಂತಿದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ. ಮೂರ್ತಿಯನ್ನು ಬಂಡಿಯ ಮೇಲಿಟ್ಟು ಬೆಟ್ಟಕ್ಕೆ ಎಳೆದರೆಂದು ಹೇಳುತ್ತಾರೆ. ಅರಸನ ಹೆಸರು ಶಾಸನದಲ್ಲಿದೆ. ಹಗ್ಗ ಹಿಡಿದವರ ಹೆಸರು ಎಲ್ಲೂ ಇಲ್ಲ.

ಸೈಕಲ್ಲಿಗೇ ಹೊರೆ ಕಟ್ಟಿಕೊಂಡು ದೂರ ಹೋಗುವುದೂ ಹೊಸತಲ್ಲ. 1897ರಲ್ಲಿ ಅಮೆರಿಕದ ಸೇನೆಯ 25ನೇ ಪದಾತಿ ದಳದ 20 ಕಪ್ಪು ಸೈನಿಕರು ಮೊಂಟಾನಾದ ಮಿಸ್ಸೌಲಾದಿಂದ ಸೇಂಟ್ ಲೂಯಿಸ್‌ಗೆ 41 ದಿನಗಳಲ್ಲಿ ಮೂರು ಸಾವಿರ ಕಿಲೋಮೀಟರ್ ತುಳಿದರು. ಹ್ಯಾಂಡಲ್ಲಿಗೆ ಡೇರೆಬಟ್ಟೆ, ಕಂಬಳಿ, ಹೆಗಲಿಗೆ ಬಂದೂಕು. ಕುದುರೆಯ ಬದಲು ಸೈಕಲ್ ಆದೀತೇ ಅಂತ ಸೇನೆಗೆ ಪರೀಕ್ಷೆ ಮಾಡಬೇಕಿತ್ತು. ಅವರಿಗದು ಡ್ಯೂಟಿ, ನಮ್ಮ ಹಾಗೆ ವೀಕೆಂಡ್ ಅಲ್ಲ.

ಮಾಳದಿಂದ ಮೇಲೆ ಹತ್ತಿದರೆ ಬರುವ ಗಡಿಯ ಹೆಸರು ಎಸ್.ಕೆ. ಬಾರ್ಡರ್. ಎಸ್.ಕೆ. ಎಂದರೆ ಸೌತ್ ಕೆನರಾ. ಆ ಜಿಲ್ಲೆ ದಕ್ಷಿಣ ಕನ್ನಡವಾಯಿತು, 1997ರಲ್ಲಿ ಕಾರ್ಕಳ ಹೊಸ ಉಡುಪಿ ಜಿಲ್ಲೆಗೆ ಬಂತು. ಬಾರ್ಡರ್ ಮಾತ್ರ ಹಳೇ ಹೆಸರಲ್ಲೇ ಉಳಿದಿದೆ. ಅದರಾಚೆ ಕುದುರೆಮುಖ. ಅಲ್ಲಿಂದ ಅದಿರು ನೀರಿನ ಜೊತೆ ಬೆರೆತು, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಕಾಡಿನೊಳಗೆ ಮಲೆಕುಡಿಯರ ಮನೆಗಳಿದ್ದವು. ಅಜ್ಜಂದಿರ ಕಾಲದ ಕಾಲುದಾರಿ ಒಮ್ಮೆಗೇ ಕಾನೂನಿನ ಪ್ರಶ್ನೆಯಾಯಿತು. ಒಕ್ಕಲೆಬ್ಬಿಸುವ ಭಯದ ಬೆನ್ನಿಗೇ ನಕ್ಸಲ್ ಚಳವಳಿ ಬಂತು; 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. ನಮಗೆ ಕಾಡಿನ ರಾತ್ರಿ ಅಂದರೆ ನಕ್ಷತ್ರ, ಜೀರುಂಡೆ. ಕಾಡಂಚಿನ ಮನೆಯವರಿಗೆ ಕತ್ತಲಲ್ಲಿ ಹತ್ತಿರವಾಗುವ ಟಾರ್ಚ್ ಬೆಳಕಿನ ಅರ್ಥವೇ ಬೇರೆ ಇರಬಹುದು.

ಹಾಗಾದರೆ ಹೋಗಲೇಬಾರದಾ? ನಾನಂತೂ ಹೋಗುತ್ತೇನೆ. ಆದರೆ ಉದ್ಯಾನದೊಳಗೆ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ, ಹಾಕಲೂಬಾರದು. ಮಲಗಲು ಊರೊಳಗೇ ಜಾಗ ಕೇಳಬಹುದು: ಶಾಲೆಯ ಜಗುಲಿ, ಪರಿಚಯದವರ ತೋಟದ ಮನೆ. ಸಂಜೆ ಬೆಳಕಿರುವಾಗಲೇ ತಲುಪಿ, ಯಾರು, ಎಲ್ಲಿಂದ, ಯಾಕೆ ಬಂದೆವು ಎಂದು ಹೇಳಬೇಕು. ಒಬ್ಬರ ಅಂಗಳ ಹಾದು ಹೋಗುವ ದಾರಿಯನ್ನು ಅವರನ್ನು ಕೇಳದೆ ಆ್ಯಪಿಗೆ ಏರಿಸಬಾರದು. ಇಂದು ನಾವು ಐದು ಜನ, ಮುಂದಿನ ವಾರ ಐವತ್ತು.

ಬೈಕ್‌ಪ್ಯಾಕಿಂಗ್‌ನಲ್ಲಿ ನನಗೆ ಹಿಡಿಸಿದ್ದು ಒಂದೇ ನಿಯಮ: ನಿನ್ನ ಹೊರೆ ನೀನೇ ಹೊರು. ಬುಕನನ್‌ಗೆ ಅದರ ಅಗತ್ಯ ಬೀಳಲಿಲ್ಲ. ನಮ್ಮ ಬ್ಯಾಗಿನ ಎಂಟು ಕಿಲೋವನ್ನು ನಾವೇ ಹೊರುತ್ತೇವೆ, ಸರಿ. ನಾವು ಬಂದುಹೋಗುವುದರ ಭಾರವನ್ನೂ ಆ ಊರಿನವರ ತಲೆ ಮೇಲೆ ಇಳಿಸದಿದ್ದರೆ ಆ ನಿಯಮ ಪೂರ್ತಿ ಪಾಲಿಸಿದಂತೆ.