ಪದವಿಪೂರ್ವ ಹಂತದಲ್ಲಿ ಮನಃಶಾಸ್ತ್ರ ಶಿಕ್ಷಣ

ಮನಃಶಾಸ್ತ್ರವು (ಮನೋವಿಜ್ಞಾನ) ಕರ್ನಾಟಕದ ಎರಡು ವರ್ಷಗಳ ಪದವಿಪೂರ್ವ (ಪಿಯುಸಿ) ಶಿಕ್ಷಣದ ಐಚ್ಛಿಕ ವಿಷಯಗಳಲ್ಲೊಂದು. ಮನುಷ್ಯನ ವರ್ತನೆ ಹಾಗೂ ಮಾನಸಿಕ ಪ್ರಕ್ರಿಯೆಗಳ ವೈಜ್ಞಾನಿಕ ಅಧ್ಯಯನ ಇದರ ವಸ್ತು. ಎಸ್.ಎಸ್.ಎಲ್.ಸಿ.ಯ ಸಮಾಜ ವಿಜ್ಞಾನದಲ್ಲಿ ಇದು ಪ್ರತ್ಯೇಕ ವಿಭಾಗವಾಗಿಲ್ಲ. ಆದ್ದರಿಂದ ರಾಜ್ಯ ಪಠ್ಯಕ್ರಮದ ಬಹುತೇಕ ವಿದ್ಯಾರ್ಥಿಗಳಿಗೆ ಇದರ ಮೊದಲ ಪರಿಚಯ ಪಿಯುಸಿಯಲ್ಲಿಯೇ ಆಗುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಈ ಶಾಸ್ತ್ರದ ವ್ಯವಸ್ಥಿತ ಬೋಧನೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನಃಶಾಸ್ತ್ರ ವಿಭಾಗವು ಬುನಾದಿ ಹಾಕಿತು. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿ ಬೆಳೆಸಿದರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ. ಕನ್ನಡದಲ್ಲಿ ಮನೋವೈದ್ಯಕೀಯ ವಿಷಯಗಳನ್ನು ಕುರಿತ ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಪ್ರಾಯೋಗಿಕ ಅಧ್ಯಯನ

ಮನಃಶಾಸ್ತ್ರದ ಕಲಿಕೆಯಲ್ಲಿ ಪ್ರಯೋಗಗಳಿಗೂ ಸ್ಥಾನವಿದೆ. ಕನ್ನಡಿಯಲ್ಲಿನ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರಾಕಾರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದು ಪ್ರಸಿದ್ಧ ಪ್ರಯೋಗಗಳಲ್ಲೊಂದು. ಬಲಗೈಗೆ ನೀಡಿದ ಅಭ್ಯಾಸದಿಂದ ಎಡಗೈಯ ತಪ್ಪುಗಳೂ ಕಡಿಮೆಯಾಗುತ್ತವೆಯೇ ಎಂಬುದನ್ನು ಇದರಲ್ಲಿ ಅಳೆಯಲಾಗುತ್ತದೆ.

ವಿಷಯ ಸಂಯೋಜನೆಯ ಆಯ್ಕೆ

ಮನಃಶಾಸ್ತ್ರಜ್ಞ ಹಾಗೂ ಮನೋವೈದ್ಯ ಎಂಬುವು ಬೇರೆ ಬೇರೆ ವೃತ್ತಿಗಳು. ಮನೋವೈದ್ಯರಾಗಲು ಎಂ.ಬಿ.ಬಿ.ಎಸ್. ಪದವಿಯ ನಂತರ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆಯಬೇಕು. ಇದಕ್ಕಾಗಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಓದಿರಬೇಕಾಗುತ್ತದೆ. ಕಲಾ ವಿಭಾಗದ ಮನಃಶಾಸ್ತ್ರವು ಈ ದಾರಿಯನ್ನು ತೆರೆಯುವುದಿಲ್ಲ. ಮನಃಶಾಸ್ತ್ರಜ್ಞರಾಗಲು ಬಯಸುವವರು ಅದೇ ವಿಷಯದಲ್ಲಿ ಪದವಿ ಮತ್ತು ಸ್ನಾತಕೋತ್ತರ ಪದವಿ ಪಡೆಯುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಿ ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿಯೂ ನೋಂದಣಿಯೂ ಅಗತ್ಯ.

ಕಲಬುರಗಿ ಪ್ರದೇಶ

ಎಲ್ಲ ಪದವಿಪೂರ್ವ ಕಾಲೇಜುಗಳಲ್ಲಿ ಮನಃಶಾಸ್ತ್ರವನ್ನು ಬೋಧಿಸುವುದಿಲ್ಲ. ಹೀಗಾಗಿ ನಂದೂರ, ಕಮಲಾಪುರ ಮೊದಲಾದ ಊರುಗಳ ವಿದ್ಯಾರ್ಥಿಗಳು ಪ್ರವೇಶಕ್ಕೆ ಮುನ್ನ ತಾವು ಸೇರಬಯಸುವ ಕಾಲೇಜಿನ ವಿಷಯ ಸಂಯೋಜನೆಗಳನ್ನು ಪರಿಶೀಲಿಸುವುದು ಮುಖ್ಯ. ಪಿಯುಸಿಯಲ್ಲಿ ಈ ವಿಷಯ ದೊರೆಯದಿದ್ದರೂ ಮುಂದಿನ ಅಧ್ಯಯನದ ಅವಕಾಶ ತಪ್ಪುವುದಿಲ್ಲ. ಪದವಿ ಹಂತದಲ್ಲಿ ಇದನ್ನು ಆರಂಭದಿಂದಲೇ ಕಲಿಸುವುದು ವಾಡಿಕೆ. ಉನ್ನತ ಶಿಕ್ಷಣಕ್ಕೆ 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವೂ, 2009ರಲ್ಲಿ ಸ್ಥಾಪಿತವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ಜಿಲ್ಲೆಯಲ್ಲಿಯೇ ಇವೆ.