ಬಂಡೆಯಿಂದ ಡ್ರಮ್ಮಿಗೆ: ಬಟ್ಟೆ ಒಗೆತದ ಇತಿಹಾಸ ಮತ್ತು ಚಿಕ್ಕ ಮನೆಯ ಯಂತ್ರ

ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲುಗಳ ಬಳಿ ಬೆಳಗಿನ ಹೊತ್ತು ಒಮ್ಮೆ ನಿಂತು ನೋಡಿ. ಕಾವೇರಿಯ ಹರಿವಿನ ಸದ್ದಿನೊಡನೆ ಇನ್ನೊಂದು ಸದ್ದೂ ಕೇಳಿಸುತ್ತದೆ. ಅದು ಬಂಡೆಯ ಮೇಲೆ ಬಟ್ಟೆ ಸೆಣೆಯುವ ಸದ್ದು. ಪಾಂಡವಪುರದ ಕಡೆ ನಾಲೆಯ ಏರಿಯ ಮೇಲೆ, ಕೆ.ಆರ್. ಪೇಟೆಯ ಕಡೆ ಹೇಮಾವತಿಯ ದಂಡೆಯಲ್ಲಿ, ನಾಗಮಂಗಲದ ಹಳ್ಳಿಗಳ ಕೆರೆ ಕಟ್ಟೆಗಳಲ್ಲಿ ತಲೆಮಾರುಗಳಿಂದ ಕೇಳಿಬಂದ ಸದ್ದು ಅದು.

ಇಂದು ಇದೇ ಊರುಗಳ ಅಂಗಡಿಗಳಲ್ಲಿ ಗುಂಡು ಗಾಜಿನ ಬಾಗಿಲಿನ ಒಗೆಯುವ ಯಂತ್ರಗಳು ಸಾಲಾಗಿ ನಿಂತಿವೆ. ಅಂಥ ಯಂತ್ರದ ತಲೆಯ ಮೇಲೆಯೇ ಒಣಗಿಸುವ ಯಂತ್ರವನ್ನು ಕೂರಿಸುವ ಜೋಡಿಗಳೂ ಮಾರುಕಟ್ಟೆಗೆ ಬಂದಿವೆ. ಇಪ್ಪತ್ತು ಮೂವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿದವರಿಗೆ ಈ ಜೋಡಿ ಆಕರ್ಷಕವಾಗಿ ಕಾಣುವುದು ಸಹಜ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಜಾಗದಲ್ಲಿ ಒಗೆತವೂ ಆಯಿತು, ಒಣಗಿಸುವುದೂ ಆಯಿತು. ಆದರೆ ಯಾವುದನ್ನು ಕೊಳ್ಳಬೇಕು? ಎರಡೂ ಬೇಕೇ? ಇದಕ್ಕೆ ಉತ್ತರ ಜಾಹೀರಾತಿನಲ್ಲಿ ಸಿಗುವುದಿಲ್ಲ. ಒಗೆತದ ಇತಿಹಾಸದಲ್ಲಿ ಮತ್ತು ನಿಮ್ಮ ಬಚ್ಚಲೊಲೆಯ ಹಂಡೆಯ ತಳದಲ್ಲಿ ಸಿಗುತ್ತದೆ. ಹೇಗೆಂದು ನೋಡೋಣ.

ಮಡಿವಾಳರ ರಸಾಯನ ವಿಜ್ಞಾನ

ಕನ್ನಡದಲ್ಲಿ ‘ಮಡಿ’ ಎಂದರೆ ಒಗೆದು ಶುಚಿಯಾದ ಬಟ್ಟೆ. ಅದನ್ನು ಮಾಡಿಕೊಡುವವರು ಮಡಿವಾಳರು. 12ನೆಯ ಶತಮಾನದ ಶರಣ ಮಡಿವಾಳ ಮಾಚಿದೇವನ ಹೆಸರಿನಲ್ಲಿಯೇ ಈ ಕಾಯಕವಿದೆ. ಹಳ್ಳಿಯ ಆಯಗಾರರಲ್ಲಿ ಮಡಿವಾಳರೂ ಒಬ್ಬರು. ವರ್ಷವಿಡೀ ಊರಿನ ಬಟ್ಟೆ ಒಗೆದು, ಸುಗ್ಗಿಯಲ್ಲಿ ಕಣದಿಂದ ಧಾನ್ಯ ಪಡೆಯುತ್ತಿದ್ದರು.

ಅವರು ಮಾಡುತ್ತಿದ್ದ ಕೆಲಸವನ್ನು ಹಂತ ಹಂತವಾಗಿ ಗಮನಿಸಿ. ಮೊದಲು ಚೌಳು ಮಣ್ಣು ಕದಡಿದ ನೀರಿನಲ್ಲಿ ಬಟ್ಟೆ ಅದ್ದುತ್ತಿದ್ದರು. ಚೌಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ನಾವು ವಾಷಿಂಗ್ ಸೋಡಾ ಎನ್ನುವುದೂ ಇದನ್ನೇ. ಈ ಕ್ಷಾರವು ಬಟ್ಟೆಯ ಜಿಡ್ಡಿನೊಡನೆ ವರ್ತಿಸಿ ಅದನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಜೊತೆಗೆ ನೀರಿನ ಗಡಸುತನವನ್ನೂ ತಗ್ಗಿಸುತ್ತದೆ. ಬಳಿಕ ಉಬ್ಬೆ. ನೀರು ಕುದಿಯುವ ಪಾತ್ರೆಯ ಮೇಲೆ ಬಟ್ಟೆಗಳನ್ನು ಒಟ್ಟಿ ಆವಿಯಲ್ಲಿ ಬೇಯಿಸುವ ಕ್ರಮವಿದು. ಶಾಖದಿಂದ ಕ್ಷಾರದ ಕೆಲಸ ಚುರುಕಾಗುತ್ತದೆ, ರೋಗಾಣುಗಳೂ ಸಾಯುತ್ತವೆ. ಆಮೇಲೆ ಬಂಡೆಯ ಮೇಲೆ ಸೆಣೆಯುವುದು, ಹರಿಯುವ ನೀರಿನಲ್ಲಿ ಜಾಲಿಸುವುದು, ಹಿಂಡುವುದು, ಬಿಸಿಲಿಗೆ ಹರವುವುದು. ರೇಷ್ಮೆ, ಉಣ್ಣೆಯಂಥ ನವಿರು ಬಟ್ಟೆಗೆ ಅಂಟುವಾಳದ ನೊರೆ.

ಕ್ಷಾರ, ಶಾಖ, ಪೆಟ್ಟು, ನೀರು, ಹಿಂಡಿಕೆ, ಬಿಸಿಲು: ಒಗೆತಕ್ಕೆ ಬೇಕಾದುದು ಈ ಆರೇ. ಜಗತ್ತಿನ ಯಾವ ಯಂತ್ರವೂ ಇವುಗಳಿಗೆ ಏಳನೆಯದನ್ನು ಸೇರಿಸಿಲ್ಲ. ಮನುಷ್ಯನ ಬೆನ್ನಿನ ಮೇಲಿದ್ದ ಹೊರೆಯನ್ನು ಮೋಟಾರಿಗೆ ವರ್ಗಾಯಿಸಿದೆ, ಅಷ್ಟೆ. ಆದರೆ ಆ ಹೊರೆ ಸಣ್ಣದಲ್ಲ. ನೆನೆದ ಒಂದು ಹತ್ತಿ ಸೀರೆಯನ್ನೋ ಜಮಖಾನವನ್ನೋ ಎತ್ತಿ ಬಂಡೆಗೆ ಬಡಿದವರಿಗೆ ಇದು ಗೊತ್ತು.

ಡ್ರಮ್ಮು ಬಂದ ದಾರಿ

1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡು ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಆಡಳಿತಕ್ಕೆ ಬಂದ. ಅದೇ 1782ರಲ್ಲಿ ಲಂಡನ್ನಿನ ಹೆನ್ರಿ ಸಿಡ್ಜಿಯರ್ ಎಂಬಾತ ತಿರುಗುವ ಡ್ರಮ್ಮಿನ ಒಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮರದ ಪಟ್ಟಿಗಳಿಂದ ಮಾಡಿದ ಪಂಜರ, ಅದನ್ನು ತಿರುಗಿಸಲು ಒಂದು ಹಿಡಿಕೆ. ಪಂಜರದೊಳಗೆ ಬಟ್ಟೆ, ಸುತ್ತ ನೀರು. ಇಂದಿನ ಮುಂಬಾಗಿಲ ಯಂತ್ರದ ಮೂಲ ಕಲ್ಪನೆ ಇದೇ.

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರಲ್ಲಿ. ಮರುವರ್ಷ, 1800ರಲ್ಲಿ, ಫ್ರಾನ್ಸಿನ ಪೊಶೋನ್ ಎಂಬಾತ ಬಟ್ಟೆ ಒಣಗಿಸಲು ತೂತುಗಳಿರುವ ಲೋಹದ ಡ್ರಮ್ಮನ್ನು ಬೆಂಕಿಯ ಮೇಲೆ ತಿರುಗಿಸುವ ಸಾಧನ ಮಾಡಿದ. ಬಟ್ಟೆ ಒಣಗುತ್ತಿತ್ತು, ಜೊತೆಗೆ ಹೊಗೆಯ ವಾಸನೆಯೂ ಹತ್ತುತ್ತಿತ್ತು.

ಈ ಯಂತ್ರಗಳಿಗೆ ನಿಜವಾದ ಬಲ ಬಂದದ್ದು ವಿದ್ಯುತ್ತಿನಿಂದ. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಅಮೆರಿಕದಲ್ಲಿ ವಿದ್ಯುತ್ ಚಾಲಿತ ಒಗೆಯುವ ಯಂತ್ರಗಳು ಮಾರಾಟಕ್ಕೆ ಬಂದದ್ದು ಅದಾದ ಕೆಲವು ವರ್ಷಗಳ ನಂತರ. ಆದರೆ ಕಾವೇರಿಯ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ನದಿಯ ಪಕ್ಕದ ಹಳ್ಳಿಗಳು ದೀಪಕ್ಕಾಗಿಯೇ ದಶಕಗಟ್ಟಲೆ ಕಾದವು.

1937ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ಮನೆಬಳಕೆಯ ಮೊದಲ ಸ್ವಯಂಚಾಲಿತ ಮುಂಬಾಗಿಲ ಯಂತ್ರವನ್ನು ಪ್ರದರ್ಶಿಸಿತು. ಅದಕ್ಕೊಂದು ತೊಡಕಿತ್ತು. ಹಿಂಡುವಾಗ ಎಷ್ಟು ಅದುರುತ್ತಿತ್ತೆಂದರೆ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಾಗಿತ್ತು. ಮುಂದೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ತೂಕಕ್ಕೆಂದು ಒಳಗಿಟ್ಟ ಕಾಂಕ್ರೀಟ್ ತುಂಡುಗಳು ಈ ಅದುರುವಿಕೆಯನ್ನು ಹತೋಟಿಗೆ ತಂದವು. ಒಂದರ ಮೇಲೊಂದು ಕೂರಿಸುವ ಜೋಡಿ ಸಾಧ್ಯವಾದದ್ದು ಇದರಿಂದಲೇ. ವಿದ್ಯುತ್ ಒಣಗಿಸುವ ಯಂತ್ರ 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು.

ನಮ್ಮಲ್ಲಿ ಮೊದಲು ಬದಲಾದದ್ದು ಪುಡಿ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಸಾಬೂನು ಗಡಸು ನೀರಿನಲ್ಲಿ ಕರಟಿದಂತಾಗಿ ಬಿಳಿಯ ಕೆನೆಯಾಗುತ್ತದೆ. ಸಂಶ್ಲೇಷಿತ ಮಾರ್ಜಕಗಳಿಗೆ ಈ ತೊಂದರೆ ಬಹಳ ಕಡಿಮೆ. ಮುಂಬಾಗಿಲ ಸ್ವಯಂಚಾಲಿತ ಯಂತ್ರಗಳು ಭಾರತದಲ್ಲಿ ತಯಾರಾಗಿ ಹರಡಿದ್ದು 1990ರ ದಶಕದಲ್ಲಿ.

ಡ್ರಮ್ಮಿನೊಳಗೆ ಒಂದು ಬಂಡೆ

ಮುಂಬಾಗಿಲ ಯಂತ್ರದಲ್ಲಿ ಬಂಡೆಯ ಪೆಟ್ಟು ಎಲ್ಲಿಂದ ಬರುತ್ತದೆ? ಡ್ರಮ್ಮು ನಿಧಾನವಾಗಿ ತಿರುಗುತ್ತಾ ಬಟ್ಟೆಯನ್ನು ಮೇಲಕ್ಕೆ ಒಯ್ದು ಕೆಳಕ್ಕೆ ಬೀಳಿಸುತ್ತದೆ. ಬೀಳುವ ಬಟ್ಟೆಗೆ ತಳದ ನೀರಿನಲ್ಲಿ ಪೆಟ್ಟು ಸಿಗುತ್ತದೆ. ಡ್ರಮ್ಮಿನ ತ್ರಿಜ್ಯ 24 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 61 ಸುತ್ತು ಬರುತ್ತದೆ. ಅದನ್ನು ಮೀರಿದರೆ ಬಟ್ಟೆ ಬೀಳದೆ ಗೋಡೆಗೇ ಅಂಟಿಕೊಂಡು ತಿರುಗುತ್ತದೆ. ಆದ್ದರಿಂದ ಒಗೆಯುವಾಗಿನ ವೇಗ ಅದಕ್ಕಿಂತ ಕಡಿಮೆ. ನೊರೆ ಹೆಚ್ಚಾದರೆ ಬಟ್ಟೆ ನೊರೆಯ ಮೆತ್ತೆಯ ಮೇಲೆ ಬೀಳುತ್ತದೆ, ಪೆಟ್ಟೇ ಸಿಗುವುದಿಲ್ಲ. ಈ ಯಂತ್ರಕ್ಕೆ ಕಡಿಮೆ ನೊರೆಯ ಪುಡಿಯನ್ನೇ ಬಳಸಿ ಎನ್ನುವುದು ಇದಕ್ಕೇ.

ಹಿಂಡುವಾಗ ಇದೇ ಡ್ರಮ್ಮು ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಅಂಚಿನಲ್ಲಿರುವ ಬಟ್ಟೆಯ ಮೇಲೆ ಗುರುತ್ವದ ಸುಮಾರು 380 ಪಟ್ಟು ಬಲ ಬೀಳುತ್ತದೆ. 800 ಸುತ್ತಿಗೆ ಅದು ಸುಮಾರು 170 ಪಟ್ಟು ಮಾತ್ರ.

ನೀರಿನ ಲೆಕ್ಕವೂ ಮುಖ್ಯ. ಮೇಲ್ಬಾಗಿಲ ಯಂತ್ರದಲ್ಲಿ ಬಟ್ಟೆಯೆಲ್ಲ ಮುಳುಗಬೇಕು. ಮುಂಬಾಗಿಲ ಯಂತ್ರದಲ್ಲಿ ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು. 7 ಕಿಲೋ ಸಾಮರ್ಥ್ಯದ ಮುಂಬಾಗಿಲ ಯಂತ್ರ ಒಂದು ಸರದಿಗೆ ಸಾಮಾನ್ಯವಾಗಿ 50ರಿಂದ 60 ಲೀಟರ್ ನೀರು ಬಳಸುತ್ತದೆ. ಅಷ್ಟೇ ದೊಡ್ಡ ಮೇಲ್ಬಾಗಿಲ ಯಂತ್ರಕ್ಕೆ 100 ಲೀಟರಿಗೂ ಹೆಚ್ಚು ಬೇಕಾಗಬಹುದು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿಯೇ ತುಂಬದಿದ್ದಾಗ ಒಂದೊಂದು ಬಿಂದಿಗೆಯ ಬೆಲೆ ಏನೆಂದು ಈ ಜಿಲ್ಲೆಯವರು ಕಂಡಿದ್ದಾರೆ.

ನಾಲ್ಕು ತಾಲ್ಲೂಕು, ಬೇರೆ ಬೇರೆ ನೀರು

ಯಂತ್ರ ಎಲ್ಲ ಊರಿಗೂ ಒಂದೇ, ನೀರು ಹಾಗಲ್ಲ. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆಗಳು ಅರಸರ ಕಾಲದಿಂದಲೂ ಇಲ್ಲಿ ನದಿಯ ನೀರನ್ನು ಹರಿಸಿವೆ. ಪಾಂಡವಪುರದ ಕಡೆಗೆ 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆ ಬಂತು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಗಿರಿ, ಮಂದಗೆರೆಯ ಒಡ್ಡುಗಳಿರುವ ಹೇಮಾವತಿ ಹರಿದು ಕಾವೇರಿಯನ್ನು ಕೂಡುತ್ತದೆ. ನಾಗಮಂಗಲಕ್ಕೆ ಇಂಥ ದೊಡ್ಡ ನದಿಯ ಭಾಗ್ಯವಿಲ್ಲ. ಅಲ್ಲಿ ಬಹುಕಾಲ ಕೆರೆ, ಬಾವಿ, ಈಚೆಗೆ ಕೊಳವೆಬಾವಿಗಳೇ ಆಧಾರ. ಉಳಿದ ಮೂರು ತಾಲ್ಲೂಕುಗಳಲ್ಲೂ ನದಿ, ನಾಲೆಗಳಿಂದ ದೂರದ ಹಳ್ಳಿಗಳ ಸ್ಥಿತಿ ಇದೇ.

ನದಿಯ ನೀರು ಸಾಮಾನ್ಯವಾಗಿ ಮೆದು. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಕೊಳವೆಬಾವಿಯ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಗಡಸು ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯ ಪದರವಾಗಿ ಕೂರುತ್ತದೆ. ಈಗ ನಿಮ್ಮ ಹಂಡೆಯ ತಳ ನೋಡಿ. ಅಲ್ಲಿ ಸುಣ್ಣದ ಚಕ್ಕೆ ಕಟ್ಟಿದ್ದರೆ, ಮುಂಬಾಗಿಲ ಯಂತ್ರದ ಹೀಟರಿನ ಮೇಲೂ ಅದು ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ದಾಟುವುದು ಕಷ್ಟ. ವಿದ್ಯುತ್ ವ್ಯಯವಾಗುತ್ತದೆ, ಕೊನೆಗೆ ಹೀಟರು ಸುಡುತ್ತದೆ.

*ನೀವೇ ಮಾಡಿ ನೋಡಿ:* ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ನಲ್ಲಿಯ ನೀರು ಅರ್ಧದಷ್ಟು ತುಂಬಿ. ಮೈ ಸಾಬೂನನ್ನು ಮಳೆನೀರಿನಲ್ಲಿ ಕರಗಿಸಿ, ಹತ್ತು ಹತ್ತು ತೊಟ್ಟು ಎರಡಕ್ಕೂ ಹಾಕಿ ಕುಲುಕಿ. ಒಗೆಯುವ ಪುಡಿ ಬೇಡ. ನಲ್ಲಿಯ ನೀರಿನಲ್ಲಿ ನೊರೆ ಬಾರದೆ ಕೆನೆಯಂಥ ಕಶ್ಮಲ ತೇಲಿದರೆ ನಿಮ್ಮ ನೀರು ಗಡಸು.

ಹಾಗಾದರೆ ಯಂತ್ರವೇ ಬೇಡವೇ? ಬೇಕು, ಆದರೆ ಉಪಾಯ ಬೇಕು. ಸಾಧ್ಯವಾದಷ್ಟೂ ತಣ್ಣೀರಿನಲ್ಲೇ ಒಗೆಯಿರಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ವಿದ್ಯುತ್ ಬೇಕು. 40 ಡಿಗ್ರಿ ಸಾಕೆಂದರೆ 0.26 ಯೂನಿಟ್. ಕಾಲಕಾಲಕ್ಕೆ ಬಟ್ಟೆಯಿಲ್ಲದೆ, ತಯಾರಕರು ಹೇಳಿದ ಸುಣ್ಣ ತೆಗೆಯುವ ಪುಡಿ ಹಾಕಿ ಯಂತ್ರ ತಿರುಗಿಸಿ. ತಾರಸಿಯ ಮಳೆನೀರನ್ನು ಸೋಸಿ ತೊಟ್ಟಿಗೆ ಹಿಡಿದರೆ ಇನ್ನೂ ಒಳ್ಳೆಯದು. ಒಗೆಯಲು ಅದಕ್ಕಿಂತ ಮೆದು ನೀರಿಲ್ಲ.

ಮೇಲಿನ ಪೆಟ್ಟಿಗೆ: ಬಿಸಿಲಿಗೆ ಬೆಲೆ ಎಷ್ಟು?

ಇನ್ನು ಒಣಗಿಸುವ ಯಂತ್ರದ ವಿಚಾರ. 5 ಕಿಲೋ ಹತ್ತಿ ಬಟ್ಟೆ 1,200 ಸುತ್ತಿನಲ್ಲಿ ಹಿಂಡಿದ ಮೇಲೂ ಸುಮಾರು ಎರಡೂವರೆ ಲೀಟರ್ ನೀರು ಹಿಡಿದಿರುತ್ತದೆ. ಅದನ್ನು ಆವಿಯಾಗಿಸಲು ಬೇಕಾದ ಗುಪ್ತೋಷ್ಣವೇ ಸುಮಾರು 1.7 ಯೂನಿಟ್. ಸಾಮಾನ್ಯ ಹೀಟರಿನ ಯಂತ್ರಕ್ಕೆ, ನಷ್ಟ ಸೇರಿ, ಇದಕ್ಕಿಂತ ಹೆಚ್ಚೇ ಬೇಕು. 800 ಸುತ್ತಿನಲ್ಲಿ ಹಿಂಡಿದರೆ ಇನ್ನೊಂದು ಲೀಟರ್ ನೀರು ಉಳಿಯುತ್ತದೆ. ಅದಕ್ಕೆ ಮತ್ತೆ ಮುಕ್ಕಾಲು ಯೂನಿಟ್ಟಿನಷ್ಟು ಖರ್ಚು. ಚೆನ್ನಾಗಿ ಹಿಂಡುವುದು ಒಣಗಿಸುವುದಕ್ಕಿಂತ ಅಗ್ಗ. ಮಡಿವಾಳರೂ ಹಿಂಡದೆ ಹರವುತ್ತಿರಲಿಲ್ಲ.

ಒಣಗಿಸುವ ಯಂತ್ರಗಳಲ್ಲಿ ಮೂರು ಬಗೆ. ತೇವದ ಗಾಳಿಯನ್ನು ಕೊಳವೆಯಿಂದ ಹೊರಗೆ ದೂಡುವುದು ಒಂದು. ಇದಕ್ಕೆ ಹೊರಗೋಡೆಯಲ್ಲಿ ಕಿಂಡಿ ಬೇಕು. ಆವಿಯನ್ನು ತಣಿಸಿ ನೀರಾಗಿ ತೊಟ್ಟಿಯಲ್ಲಿ ಹಿಡಿಯುವುದು ಎರಡನೆಯದು. ಫ್ರಿಜ್ಜಿನ ತತ್ತ್ವದಿಂದ ಶಾಖವನ್ನು ಮತ್ತೆ ಮತ್ತೆ ಬಳಸುವ ಹೀಟ್ ಪಂಪ್ ಮೂರನೆಯದು. 1990ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಬಂದ ಇದು ಸುಮಾರು ಅರ್ಧದಷ್ಟು ವಿದ್ಯುತ್ತಿನಲ್ಲೇ ಕೆಲಸ ಮುಗಿಸುತ್ತದೆ. ಬೆಲೆ ಮಾತ್ರ ಹೆಚ್ಚು.

ನಮ್ಮ ಸೀಮೆಯಲ್ಲಿ ವರ್ಷದ ಬಹುಪಾಲು ದಿನ ತಾರಸಿಯ ಹಗ್ಗದ ಮೇಲೆ ಬಟ್ಟೆ ಬಿಟ್ಟಿಯಾಗಿ ಒಣಗುತ್ತದೆ. ಆಷಾಢದ ಸೋನೆ, ಹಿಂಗಾರಿನ ಕೆಲವು ವಾರಗಳು ಮಾತ್ರ ತೊಂದರೆ. ತಾರಸಿಯಿಲ್ಲದ ಬಾಡಿಗೆ ಮನೆ, ಹಸುಗೂಸು ಅಥವಾ ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಒಣಗಿಸುವ ಯಂತ್ರ ನಿಜವಾಗಿಯೂ ಆಸರೆ. ಉಳಿದವರಿಗೆ ಅದು ಅವಸರದ ಖರೀದಿ.

ಕೊಳ್ಳುವ ಮುನ್ನ

ಜೋಡಿಯನ್ನೇ ಕೊಳ್ಳುವುದಾದರೆ ಕೆಲವು ಸಂಗತಿ ಗಮನದಲ್ಲಿರಲಿ. ಒಗೆಯುವ ಯಂತ್ರ ಯಾವಾಗಲೂ ಕೆಳಗಿರಬೇಕು. ಕಾಂಕ್ರೀಟಿನ ತೂಕ, ನೀರು, ಅದುರುವಿಕೆ ಎಲ್ಲವೂ ಅದರಲ್ಲಿವೆ. ನಡುವೆ ಅದೇ ಮಾದರಿಗೆಂದು ತಯಾರಾದ ಜೋಡಣೆಯ ಚೌಕಟ್ಟು ಕಡ್ಡಾಯ. ಸುಮ್ಮನೆ ಎತ್ತಿ ಇಟ್ಟರೆ ಮೇಲಿನದು ಜಾರಿ ಬೀಳಬಹುದು. ನೆಲ ಗಟ್ಟಿಯಾಗಿ, ಸಮತಟ್ಟಾಗಿರಲಿ. ಜೋಡಿಯ ಎತ್ತರ 170 ಸೆಂಟಿಮೀಟರ್ ದಾಟುತ್ತದೆ. ಮೇಲಿನ ಗುಂಡಿಗಳು ಮನೆಯ ಅಜ್ಜಿಯ ಕೈಗೆ ಎಟುಕುತ್ತವೆಯೇ?

ವಿದ್ಯುತ್ತಿನ ಲೆಕ್ಕ ಇನ್ನೊಂದು. ಎರಡೂ ಹೀಟರುಗಳು ಒಟ್ಟಿಗೆ ಉರಿದರೆ ಸುಮಾರು 4 ಕಿಲೋವ್ಯಾಟ್, ಎಂದರೆ 17 ಆಂಪಿಯರಿಗೂ ಹೆಚ್ಚು. 16 ಆಂಪಿಯರಿನ ಒಂದೇ ಸಾಕೆಟ್ಟಿಗೆ ಇದು ಸಲ್ಲದು. ಎರಡು ಪ್ರತ್ಯೇಕ ಸಾಕೆಟ್ಟು, ಸರಿಯಾದ ಅರ್ತಿಂಗ್, ಮನೆಗೆ ಮಂಜೂರಾದ ಹೊರೆ ಇವನ್ನು ಮೊದಲೇ ಪರೀಕ್ಷಿಸಿ. ನೀರಿನ ತೊಟ್ಟಿ ಯಂತ್ರಕ್ಕಿಂತ ಮೂರರಿಂದ ಐದು ಮೀಟರ್ ಎತ್ತರದಲ್ಲಿರದಿದ್ದರೆ ನೀರಿನ ಒತ್ತಡ ಸಾಲದೆ ಯಂತ್ರ ಮಧ್ಯದಲ್ಲೇ ನಿಲ್ಲಬಹುದು.

ಒಂದೇ ಡ್ರಮ್ಮಿನಲ್ಲಿ ಒಗೆದು ಒಣಗಿಸುವ ಯಂತ್ರವೂ ಇದೆ. ಆದರೆ ಅದು 8 ಕಿಲೋ ಒಗೆದರೆ 5 ಕಿಲೋದಷ್ಟನ್ನು ಮಾತ್ರ ಒಣಗಿಸಬಲ್ಲದು. ಅನೇಕ ಮಾದರಿಗಳು ಆವಿ ತಣಿಸಲು ಮತ್ತೆ ನೀರನ್ನೇ ಬಳಸುತ್ತವೆ.

ಚಿಕ್ಕ ಮನೆಯವರಿಗೆ ಸರಳ ದಾರಿ ಇದು. ಮೊದಲು ನೀರನ್ನು ತಿಳಿಯಿರಿ. ಬಳಿಕ 1,200 ಸುತ್ತು ಹಿಂಡುವ ಮುಂಬಾಗಿಲ ಯಂತ್ರ ತನ್ನಿ. ಅದರ ತಲೆಯ ಮೇಲಿನ ಜಾಗ ಖಾಲಿ ಬಿಡಿ. ಎರಡು ಮಳೆಗಾಲ ಕಳೆಯಲಿ. ಆಗಲೂ ಬೇಕೆನಿಸಿದರೆ ಮೇಲಿನದನ್ನು ತರಬಹುದು. ಅದಕ್ಕಾಗಿ, ಮೇಲೆ ಕೂರಿಸಲು ಬರುವ ಮಾದರಿಯನ್ನೇ ಮೊದಲು ಆರಿಸಿಕೊಂಡಿರಿ.

ಮೋಟಾರು ಬಂಡೆಯ ಪೆಟ್ಟನ್ನು ಕಲಿತಿದೆ, ಹೀಟರು ಉಬ್ಬೆಯನ್ನು ಕಲಿತಿದೆ. ಬೆನ್ನು ಬಾಗಿಸಿ ಒಗೆಯುತ್ತಿದ್ದವರಿಗೆ ಅಷ್ಟು ಬಿಡುವು ಸಿಕ್ಕರೆ ಅದು ದೊಡ್ಡದೇ. ಬಿಸಿಲಿನ ಕೆಲಸವನ್ನು ಸದ್ಯಕ್ಕೆ ಬಿಸಿಲಿಗೇ ಬಿಡೋಣ.